ಕಡಲು ಮನೆಯ ಬಳಿಗೆ ಬಂದಾಗ

ಪ್ರತಿ ವರ್ಷ ಜ್ಯೇಷ್ಠ-ಆಷಾಢ ಮಾಸಗಳಲ್ಲಿ ದಿನಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಅರ್ಧ ಗೋಡೆ ಕುಸಿದ ಹೆಂಚಿನ ಮನೆ, ಬೇರು ಬಯಲಾಗಿ ಕಡಲಿನತ್ತ ಬಾಗಿದ ನಾಲ್ಕು ತೆಂಗಿನ ಮರ, ಪಾತ್ರೆ ಪಡಗಗಳನ್ನು ಹೊರಗೆ ಸಾಗಿಸುತ್ತಿರುವ ಹೆಣ್ಣುಮಕ್ಕಳು. ಊರು ಉಳ್ಳಾಲವಿರಬಹುದು, ಸೋಮೇಶ್ವರ ಉಚ್ಚಿಲವಿರಬಹುದು, ಮರವಂತೆಯಿರಬಹುದು. ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿ ಅದನ್ನು ನೋಡಿದವರು ಒಂದು ಕ್ಷಣ ಲೊಚಗುಟ್ಟುತ್ತಾರೆ. ಆಮೇಲೆ ಆಡುವ ಮಾತೂ ಹೆಚ್ಚುಕಡಿಮೆ ಒಂದೇ: "ಕಡಲ ದಂಡೆಯಲ್ಲಿ ಮನೆ ಕಟ್ಟಿದರೆ ಇನ್ನೇನಾದೀತು? ಅಕ್ಕ ಎಂದೋ ಹೇಳಿಲ್ಲವೇ?"

ಅಕ್ಕಮಹಾದೇವಿಯ ಆ ವಚನವನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ; ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಅದು ಮಕ್ಕಳಿಗೂ ಕಂಠಸ್ಥವಾಗಿದೆ. ಆದರೆ ಅದನ್ನು ಹೀಗೆ, ಮನೆ ಕಳೆದುಕೊಂಡವರ ಮೇಲಿನ ಟೀಕೆಯಾಗಿ ಬಳಸುವುದನ್ನು ನಾವು ಜಗುಲಿಯಲ್ಲಿಯೂ ಕೇಳಿದ್ದೇವೆ, ವೇದಿಕೆಯ ಮೇಲಿನಿಂದಲೂ ಕೇಳಿದ್ದೇವೆ. ಇದು ವಚನಕ್ಕೂ ಅನ್ಯಾಯ, ಆ ಜನರಿಗೂ ಅನ್ಯಾಯ. ಅಕ್ಕನು ಅಲ್ಲಿ ನಿವೇಶನದ ವಿಚಾರವನ್ನು ಹೇಳುತ್ತಿಲ್ಲ. ಬೆಟ್ಟ, ಕಡಲು, ಸಂತೆ ಎಂಬ ಮೂರು ದೃಷ್ಟಾಂತಗಳನ್ನು ಒಡ್ಡಿ, ಹೊಗಳಿಕೆ ತೆಗಳಿಕೆಗಳೆರಡನ್ನೂ ಒಂದೇ ಮನಸ್ಸಿನಿಂದ ಕಾಣುವ ಸ್ಥಿತಿಯ ಕಡೆಗೆ ನಮ್ಮನ್ನು ಒಯ್ಯುತ್ತಾಳೆ. ಆ ಮನೆಯೊಳಗೆ ಇರುವವಳು ಸ್ವತಃ ಅಕ್ಕನೇ. ಆಕೆ ದೂರದಲ್ಲಿ ಒಣನೆಲದ ಮೇಲೆ ನಿಂತು ಅನ್ಯರನ್ನು ಗೇಲಿ ಮಾಡುತ್ತಿರುವವಳಲ್ಲ.

ಅರ್ಥದ ಮಾತು ಅಷ್ಟಕ್ಕೆ ಸಾಕು. ಅದಕ್ಕಿಂತ ಮೊದಲು ಕೇಳಬೇಕಾದ ಒಂದು ಸರಳವಾದ ಪ್ರಶ್ನೆಯಿದೆ. ಆ ಜನ ಕಡಲ ಬಳಿಗೆ ಹೋಗಿ ಮನೆ ಕಟ್ಟಿದರೇ, ಅಥವಾ ಕಡಲು ಮನೆಯ ಬಳಿಗೆ ಬಂದಿತೇ? ಉತ್ತರ ತಿಳಿಯಬೇಕಾದರೆ ಕರಾವಳಿಯೆಂಬುದು ಯಾವುದರಿಂದ ಆಗಿದೆ, ಹೇಗೆ ಆಗುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ನಮ್ಮ ಕರಾವಳಿ ಕಾರವಾರದಿಂದ ತಲಪಾಡಿಯವರೆಗೆ ಸುಮಾರು ೩೦೦ ಕಿಲೋಮೀಟರು ಉದ್ದವಾಗಿದೆ. ನಕಾಶೆಯಲ್ಲಿ ಅದೊಂದು ಗೆರೆ. ಹತ್ತಿರ ಹೋಗಿ ನೋಡಿದರೆ ಅದು ಕಲ್ಲು ಮತ್ತು ಮರಳು ಎಂಬ ಎರಡು ಬೇರೆ ಬೇರೆ ವಸ್ತುಗಳು ಒಂದರ ಪಕ್ಕದಲ್ಲೊಂದು ಇರುವ ಸಾಲು. ಕಲ್ಲು ಇರುವಲ್ಲಿ ನೆಲವು ಮೂಗಿನಂತೆ ಕಡಲಿನೊಳಗೆ ಚಾಚಿಕೊಂಡಿರುತ್ತದೆ. ಅದನ್ನು ಭೂಶಿರ ಎನ್ನುತ್ತಾರೆ. ಎರಡು ಭೂಶಿರಗಳ ನಡುವೆ ಮರಳಿನ ದಂಡೆ ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಗೋಕರ್ಣಕ್ಕೆ ಹೋದವರು ದಕ್ಷಿಣದ ಗುಡ್ಡವನ್ನು ಹತ್ತಿ ಇಳಿದರೆ ಇದನ್ನು ಒಂದೇ ನೋಟದಲ್ಲಿ ಕಾಣಬಹುದು. ಅಲ್ಲಿ ಎರಡು ಅರ್ಧಚಂದ್ರಾಕಾರದ ಮರಳು ದಂಡೆಗಳು, ನಡುವೆ ಬಂಡೆಗಳ ಒಂದು ಚಾಚು; ಮೇಲಿನಿಂದ ನೋಡಿದರೆ ಓಂಕಾರದ ಆಕಾರ. ಅದರಿಂದಲೇ ಅದಕ್ಕೆ ಓಂ ಬೀಚ್ ಎಂಬ ಹೆಸರು ಬಂದಿದೆ.

ಈ ಆಕಾರವನ್ನು ಬರೆದದ್ದು ಅಲೆ. ಅಲೆಯೆಂದರೇನು ಎಂಬುದರ ಬಗ್ಗೆ ಬಯಲುಸೀಮೆಯವರಾದ ನಮಗೆ ಒಂದು ತಪ್ಪು ಕಲ್ಪನೆ ಇರುವುದು ಸಹಜ. ಎಲ್ಲಿಂದಲೋ ನೀರು ನಮ್ಮ ಕಡೆಗೆ ಉರುಳಿಕೊಂಡು ಬರುತ್ತಿದೆ ಎಂದು ಅನ್ನಿಸುತ್ತದೆ. ಹಾಗಲ್ಲ. ಹಿಂಗಾರಿಯ ಜೋಳ ತೆನೆಗಟ್ಟಿ ನಿಂತಾಗ ಹೊಲದ ಮೇಲೆ ಗಾಳಿ ಬೀಸುವುದನ್ನು ನೆನೆಯಿರಿ. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಅಲೆಯೊಂದು ಓಡಿಹೋಗುತ್ತದೆ. ಆದರೆ ಯಾವ ದಂಟೂ ತನ್ನ ಜಾಗವನ್ನು ಬಿಟ್ಟು ಕದಲುವುದಿಲ್ಲ, ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಆಳ ಸಮುದ್ರದ ನೀರೂ ಹೀಗೆಯೇ, ಇದ್ದಲ್ಲಿಯೇ ಒಂದು ಸುತ್ತು ಸುತ್ತಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬರುತ್ತದೆ. ಮುಂದಕ್ಕೆ ಸಾಗುವುದು ಶಕ್ತಿ ಮಾತ್ರ. ಆ ಶಕ್ತಿಯನ್ನು ಕೊಟ್ಟದ್ದು ಗಾಳಿ. ನೈಋತ್ಯ ಮುಂಗಾರಿನ ಗಾಳಿ ಅರಬ್ಬೀ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರು ತಡೆಯಿಲ್ಲದೆ ಬೀಸಿ ಬರುವುದರಿಂದ, ಬೇಸಿಗೆಯಲ್ಲಿ ಒಂದು ಮೀಟರಿನ ಆಸುಪಾಸಿನಲ್ಲಿರುವ ಅಲೆಗಳು ಜೂನ್-ಜುಲೈನಲ್ಲಿ ಮೂರು ಮೀಟರನ್ನು ಮೀರಿ ಏಳುತ್ತವೆ. ಕೆಲವೊಮ್ಮೆ ಇಲ್ಲಿ ಗಾಳಿಯ ಸುಳಿವೇ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಆದರೂ ಕಡಲು ಉಕ್ಕಿ ಅಂಗಳಕ್ಕೆ ನುಗ್ಗುತ್ತದೆ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಕೆಲವು ದಿನಗಳ ಹಿಂದೆ ಎದ್ದ ಬಿರುಗಾಳಿಯ ಅಲೆಗಳು ಅಷ್ಟು ದೂರದಿಂದ ಸಾಗಿ ಬಂದಿರುತ್ತವೆ. ಮಲೆಯಾಳದ ಮೀನುಗಾರರು ಇದಕ್ಕೆ ಕಳ್ಳಕಡಲು ಎಂಬ ಅರ್ಥ ಬರುವಂತೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಹೆಸರಿಟ್ಟವರು ಕಡಲನ್ನು ಬಲ್ಲವರು.

ಅಲೆಯು ದಡವನ್ನು ಸಮೀಪಿಸಿದಂತೆ ಅದರ ಬುಡ ತಳಕ್ಕೆ ತಾಗುತ್ತದೆ. ಬುಡ ನಿಧಾನವಾಗುತ್ತದೆ, ತಲೆ ಎತ್ತರವಾಗುತ್ತದೆ, ಕೊನೆಗೆ ಮುಗ್ಗರಿಸಿದವನಂತೆ ಮುಂದಕ್ಕೆ ಬೀಳುತ್ತದೆ. ಒಂದು ಘನಮೀಟರು ಸಮುದ್ರದ ನೀರು ಒಂದು ಟನ್ನಿಗಿಂತಲೂ ಹೆಚ್ಚು ಭಾರ. ಅಂಥ ಎಷ್ಟೋ ಟನ್ನುಗಳು ಹತ್ತು-ಹನ್ನೆರಡು ಸೆಕೆಂಡಿಗೊಮ್ಮೆ, ಹಗಲೂ ರಾತ್ರಿ ಬಂದು ಬಡಿಯುತ್ತಿರುತ್ತವೆ. ಇದರಲ್ಲಿಯೂ ಒಂದು ಪಕ್ಷಪಾತವುಂಟು. ಭೂಶಿರದ ಮುಂದೆ ತಳ ಮೊದಲೇ ಮೇಲೇರಿರುವುದರಿಂದ ಅಲೆಯ ಆ ಭಾಗ ನಿಧಾನವಾಗಿ, ಇಕ್ಕೆಲದ ಭಾಗಗಳು ಬಳಸಿಕೊಂಡು ಬಂದು ಭೂಶಿರದ ಮೇಲೆಯೇ ಎರಗುತ್ತವೆ. ಕೊಲ್ಲಿಯೊಳಗೆ ಹೋಗುವ ಅಲೆಯಾದರೋ ಹರಡಿ ಬಡವಾಗುತ್ತದೆ. ಹೀಗೆ ಹೊಡೆತವೆಲ್ಲ ಕಲ್ಲಿಗೆ, ಮರಳೆಲ್ಲ ಕೊಲ್ಲಿಗೆ ಎಂಬ ಹಂಚಿಕೆ ನಡೆದಿದೆ.

ಕಲ್ಲು ಹೇಗೆ ಸವೆಯುತ್ತದೆ? ಅಲೆಯ ಪೆಟ್ಟಿನಿಂದಲೇ ಎಂದು ತಿಳಿದರೆ ಅದು ಅರ್ಧ ಮಾತ್ರ. ಅಲೆ ಅಪ್ಪಳಿಸಿದಾಗ ಬಿರುಕಿನೊಳಗಿನ ಗಾಳಿ ಅಮುಕಲ್ಪಟ್ಟು, ಅಲೆ ಹಿಂದೆ ಸರಿದೊಡನೆ ಸ್ಫೋಟದಂತೆ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಸೀಳಿ ಬಿದ್ದ ತುಂಡುಗಳನ್ನೇ ಎತ್ತಿ ಅಲೆ ಮತ್ತೆ ಬಂಡೆಗೆ ಎಸೆಯುತ್ತದೆ. ಬೀಸುವ ಕಲ್ಲಿನಲ್ಲಿ ಕಾಳು ನುಚ್ಚಾಗುವಂತೆ ಅವು ಉರುಟಾಗಿ, ಸಣ್ಣದಾಗಿ, ಕೊನೆಗೆ ಮರಳಾಗುತ್ತವೆ. ಇನ್ನರ್ಧ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಸವಳು ನೆಲದ ಊರುಗಳಲ್ಲಿ ಹಳೆಯ ಮನೆಯ ಗೋಡೆಗೆ ಉಪ್ಪು ಹತ್ತಿ, ಬಿಳಿಯ ಹುಡಿ ಎದ್ದು, ಗಿಲಾವು ಚಕ್ಕೆ ಚಕ್ಕೆಯಾಗಿ ಉದುರುವುದನ್ನು ನೀವು ಕಂಡಿದ್ದೀರಿ. ಕಡಲ ಬಂಡೆಗೆ ಆಗುವುದೂ ಅದೇ. ತುಂತುರು ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಹರಳುಗಟ್ಟಿ ಹಿಗ್ಗಿ ಕಲ್ಲಿನ ಕಣಗಳನ್ನು ಒಂದೊಂದಾಗಿ ದೂಡಿ ಕೆಡವುತ್ತದೆ. ಬಂಡೆಗಳ ಮೈ ಜೇನುಗೂಡಿನಂತೆ ತೂತು ತೂತಾಗುವುದು ಹೀಗೆ.

ಇನ್ನು ಮಳೆಯ ಕೆಲಸ. ವಿಜಯಪುರದ ಕಡೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆಯಾದರೆ ಹೆಚ್ಚು. ಮಂಗಳೂರಿನಲ್ಲಿ ೩,೫೦೦ ಮಿಲಿಮೀಟರನ್ನೂ ಮೀರುತ್ತದೆ. ಇಂಥ ಮಳೆಯೂ ಬಿಸಿಲೂ ಲಕ್ಷಾಂತರ ವರ್ಷ ಒಂದಾದ ಮೇಲೊಂದು ಬಿದ್ದರೆ ಬಂಡೆಯೊಳಗಿನ ಸಿಲಿಕ ಮೊದಲಾದವು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಅಂಶಗಳು ಮಾತ್ರ ಉಳಿಯುತ್ತವೆ. ಅದೇ ಕರಾವಳಿಯ ಕೆಂಪುಕಲ್ಲು, ಅಲ್ಲಿಯವರ ಮುರಕಲ್ಲು. ಅಗೆಯುವಾಗ ಕೊಡಲಿಗೂ ಬಗ್ಗುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದರಿಂದಲೇ ಅಲ್ಲಿ ಮನೆ, ಗುಡಿ, ಕೋಟೆಗಳೆಲ್ಲ ಅದರವೇ. ೧೮೦೦-೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬಾತ ಈ ಕಲ್ಲನ್ನು ಮಲಬಾರಿನಲ್ಲಿ ಗಮನಿಸಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಜಗತ್ತಿನ ಭೂವಿಜ್ಞಾನಕ್ಕೆ ನಮ್ಮ ಪಡುವಲ ದಂಡೆ ಕೊಟ್ಟ ಶಬ್ದವೆಂದು ಇದನ್ನು ಕರೆಯಬಹುದು.

ಕೆಳದಿಯ ವೀರಶೈವ ಅರಸರು ಘಟ್ಟ ಇಳಿದು ಕರಾವಳಿಯನ್ನು ಆಳಿದವರು. ಕಡಲ ಬಳಿ ಎಲ್ಲಿ ನಿಲ್ಲಬೇಕೆಂಬುದು ಅವರಿಗೆ ಗೊತ್ತಿತ್ತೆಂದು ತೋರುತ್ತದೆ. ಶಿವಪ್ಪನಾಯಕನು ೧೬೫೦ರ ಸುಮಾರಿಗೆ ಕಟ್ಟಿಸಿದನೆನ್ನಲಾದ ಬೇಕಲಕೋಟೆ ಇಂದಿನ ಕಾಸರಗೋಡು ಜಿಲ್ಲೆಯಲ್ಲಿ, ಕಡಲಿನೊಳಕ್ಕೆ ಚಾಚಿದ ಕೆಂಪುಕಲ್ಲಿನ ಭೂಶಿರದ ಮೇಲೆ, ಅದೇ ಕೆಂಪುಕಲ್ಲಿನಿಂದ ಕಟ್ಟಿದ್ದಾಗಿ ನಿಂತಿದೆ. ಆದರೆ ಬಂಡೆಯ ಮೇಲೆ ಕೋಟೆ ಕಟ್ಟುವುದು ಅರಸರಿಗೆ ಒಪ್ಪುತ್ತದೆ. ದೋಣಿಯವರಿಗೆ ಬೇಕಾದುದು ಮರಳು. ಬಂಡೆಯ ಮೇಲೆ ದೋಣಿಯನ್ನು ಎಳೆಯಲಾಗದು, ಬಲೆಯನ್ನು ಹರಡಲಾಗದು. ದಂಡೆಯಲ್ಲಿ ಸಾಲಾಗಿ ನಿಂತು ಹತ್ತಾರು ಜನ ಎಳೆಯುವ ಕೈರಂಪಣಿ ಬಲೆಗಂತೂ ಉದ್ದನೆಯ ಮರಳು ದಂಡೆಯೇ ಬೇಕು. ಆದ್ದರಿಂದ ಮೊಗವೀರರ, ಖಾರ್ವಿಗಳ, ಬ್ಯಾರಿಗಳ ಮನೆಗಳು ಮರಳಿನ ಹಿಂದೆ, ತೆಂಗು-ಗಾಳಿಮರಗಳ ನೆರಳಿನಲ್ಲಿ ಬೆಳೆದವು. ಅವರಿಗೆ ತಿಳಿವಳಿಕೆ ಇರಲಿಲ್ಲವೆಂದು ಹೇಳುವವರು ಈ ಮಾತನ್ನು ಯೋಚಿಸಬೇಕು.

ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರಿ ದ್ವೀಪದ ಶಿಲಾಸ್ತಂಭಗಳ ವಯಸ್ಸು ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾರಸ ಆರುವಾಗ ಕುಗ್ಗಿ, ಕೆರೆಯ ಕೆಸರು ಒಣಗಿ ಬಿರಿಯುವಂತೆ ಬಿರಿದು, ಕಂಬ ಕಂಬವಾಗಿ ನಿಂತಿತು. ಅದನ್ನೂ ಅಲೆ ಕಂಬದಿಂದ ಕಂಬಕ್ಕೆ ಕಳಚುತ್ತಲೇ ಇದೆ. ಕಲ್ಲಿನ ಲೆಕ್ಕ ಕೋಟಿಗಳಲ್ಲಿ ನಡೆಯುತ್ತದೆ. ಮರಳಿನ ಲೆಕ್ಕವೇ ಬೇರೆ. ಅದು ತಿಂಗಳುಗಳಲ್ಲಿ ನಡೆಯುತ್ತದೆ. ನಮಗೆ ಮುಖ್ಯವಾದುದು ಈ ಎರಡನೆಯ ಲೆಕ್ಕ.

ಆಷಾಢದ ಕಡಿದಾದ ಅಲೆಗಳು ಒಂದರ ಬೆನ್ನ ಮೇಲೊಂದು ಬಂದು, ಹಿಂದೆ ಸರಿಯುವಾಗ ದಂಡೆಯ ಮರಳನ್ನು ಬಾಚಿಕೊಂಡು ಹೋಗುತ್ತವೆ. ಆ ಮರಳು ಎಲ್ಲಿಯೋ ಕಾಣೆಯಾಗುವುದಿಲ್ಲ. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನಡಿಯಲ್ಲಿ ದಿಣ್ಣೆಯಾಗಿ ಕೂಡುತ್ತದೆ. ದಿಣ್ಣೆ ಬೆಳೆದಂತೆ ಅಲೆಗಳು ದಡಕ್ಕೆ ಬರುವ ಮೊದಲೇ ಅದರ ಮೇಲೆ ಮುರಿಯುತ್ತವೆ. ಎಂದರೆ, ದಂಡೆಯಿಂದ ಕಿತ್ತ ಮರಳೇ ದಂಡೆಯನ್ನು ಕಾಯುವ ಒಡ್ಡಾಗುತ್ತದೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಆಶ್ವೀಜ-ಕಾರ್ತಿಕಗಳಿಂದ ಮುಂದೆ, ಉದ್ದನೆಯ ಮೆಲ್ಲನೆಯ ಅಲೆಗಳು ಅದೇ ಮರಳನ್ನು ದಿನಕ್ಕಿಷ್ಟರಂತೆ ತಂದು ದಡಕ್ಕೆ ಹಾಕುತ್ತವೆ. ತರುವಾಗ ಕಣದಲ್ಲಿ ತೂರಿದಂತೆ ತೂರಿ, ಹಗುರಾದುದನ್ನು ಬೇರೆ, ಭಾರವಾದ ಕಪ್ಪು ಮರಳನ್ನು ಬೇರೆ ಮಾಡಿ ಪಟ್ಟೆ ಪಟ್ಟೆಯಾಗಿ ಹರಡುತ್ತವೆ. ಬೇಸಿಗೆಯ ಹೊತ್ತಿಗೆ ದಂಡೆ ಮತ್ತೆ ಅಗಲವಾಗಿರುತ್ತದೆ. ದಂಡೆಯವರು ಇದನ್ನು ತಲೆತಲಾಂತರದಿಂದ ಕಂಡವರು. ಶ್ರಾವಣದ ನೂಲಹುಣ್ಣಿಮೆಯಂದು ಹಾಲು-ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವವರಿಗೆ, ಕಡಲು ಒಯ್ದುದನ್ನು ತಂದುಕೊಡುತ್ತದೆ ಎಂಬ ನಂಬಿಕೆ ಬರಿಯ ಭಾವುಕತೆಯಲ್ಲ, ಅನುಭವ.

ಹಾಗಾದರೆ ಈಗ ಏಕೆ ತಂದುಕೊಡುತ್ತಿಲ್ಲ?

ಕೆಲವು ವರ್ಷಗಳ ಹಿಂದೆ ಮಂಗಳೂರಿಗೆ ಪ್ರವಚನದ ನಿಮಿತ್ತ ಹೋಗಿದ್ದಾಗ, ಬಿಡುವಿನ ಒಂದು ಮಧ್ಯಾಹ್ನ ನಾವು ಉಳ್ಳಾಲದ ದಂಡೆಗೆ ಹೋದೆವು. ದಂಡೆಯೆನ್ನುವುದಕ್ಕಿಂತ ಬಂಡೆಗಲ್ಲಿನ ರಾಶಿ ಎನ್ನಬೇಕು. ನಮ್ಮ ವಯಸ್ಸಿನವರೇ ಆದ ಮೀನುಗಾರರೊಬ್ಬರು ಅಲ್ಲಿ ಬಲೆ ಸರಿಪಡಿಸುತ್ತ ಕುಳಿತಿದ್ದರು. ಜೊತೆಗಿದ್ದ ತರುಣರೊಬ್ಬರು, ಘಟ್ಟದ ಮೇಲಿನವರು, ನಾವು ತಡೆಯುವ ಮೊದಲೇ ಆ ಎಂದಿನ ಪ್ರಶ್ನೆಯನ್ನು ಕೇಳಿಬಿಟ್ಟರು: ಇಷ್ಟು ಹತ್ತಿರ ಏಕೆ ಮನೆ ಕಟ್ಟಿದಿರಿ? ಅವರು ಸಿಟ್ಟಾಗಲಿಲ್ಲ. ಕೈಯೆತ್ತಿ ನೀರಿನ ಕಡೆ ತೋರಿಸಿದರು. "ಅಗೋ, ಆ ಅಲೆ ಮುರಿಯುತ್ತದಲ್ಲ ಸ್ವಾಮಿ, ಅದರಿಂದಲೂ ಆಚೆಗೆ ನಮ್ಮ ಅಜ್ಜನ ಮನೆ ಇದ್ದದ್ದು. ಅದಕ್ಕೂ ಮುಂದೆ ತೆಂಗಿನ ತೋಟ, ಅದಕ್ಕೂ ಮುಂದೆ ದೋಣಿ ಎಳೆಯುವ ಜಾಗ. ಇದು ನಮ್ಮ ಮೂರನೆಯ ಮನೆ. ನಾವು ಹಿಂದೆ ಹಿಂದೆ ಹೋದದ್ದೇ ಹೊರತು ಮುಂದೆ ಬಂದದ್ದಿಲ್ಲ." ತರುಣರು ಆಮೇಲೆ ಮಾತಾಡಲಿಲ್ಲ. ಅಜ್ಜನ ಮನೆಯಿದ್ದ ಜಾಗದಲ್ಲಿ ಆಗ ನೊರೆ ಮಾತ್ರ ಇತ್ತು.

ಉಳ್ಳಾಲದ ಉತ್ತರಕ್ಕೆ ನೇತ್ರಾವತಿ, ಫಲ್ಗುಣಿ ನದಿಗಳೆರಡೂ ಕೂಡಿ ಕಡಲನ್ನು ಸೇರುವ ಅಳಿವೆಯಿದೆ. ಆಚೆ ದಡ ಬೆಂಗ್ರೆ, ಈಚೆ ದಡ ಉಳ್ಳಾಲದ ಕೋಟೆಪುರ. ಎರಡೂ ನದಿ ಮತ್ತು ಕಡಲು ಸೇರಿ ಕಟ್ಟಿದ ಮರಳಿನ ನಾಲಗೆಗಳು. ಅಳಿವೆಯೆಂಬುದು ಸ್ವಭಾವತಃ ಚಂಚಲ. ಅಲ್ಲಿಯ ಮರಳು ಎಂದೂ ನಿಂತಲ್ಲಿ ನಿಂತದ್ದಲ್ಲ. ದೋಣಿಗಳು ಸುರಕ್ಷಿತವಾಗಿ ಬಂದುಹೋಗಲೆಂದು ೧೯೯೦ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ಅಲೆತಡೆಗಳನ್ನು ಕಡಲಿನೊಳಗೆ ಚಾಚಿ ಕಟ್ಟಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಅಳಿವೆಯಲ್ಲಿ ದೋಣಿ ಮಗುಚಿ ಪ್ರಾಣ ಕಳೆದುಕೊಂಡವರ ಮನೆಗಳವರನ್ನು ಕೇಳಿದರೆ ಅದರ ಅಗತ್ಯ ತಿಳಿಯುತ್ತದೆ. ಆದರೆ ಆಮೇಲಿನ ವರ್ಷಗಳಲ್ಲಿ ಬೆಂಗ್ರೆಯ ಬದಿ ಮರಳು ತುಂಬಿ ಅಗಲವಾಯಿತು, ಉಳ್ಳಾಲದ ಬದಿ ಸವೆಯುತ್ತ ಬಂದಿತು.

ಕಾರಣವನ್ನು ಹೀಗೆ ತಿಳಿಯಬೇಕು. ಅಲೆಗಳು ದಡಕ್ಕೆ ನೇರವಾಗಿ ಬರುವುದು ಕಡಿಮೆ, ಓರೆಯಾಗಿ ಬರುವುದೇ ಹೆಚ್ಚು. ಓರೆಯಾಗಿ ಏರಿದ ನೀರು ನೇರವಾಗಿ ಕೆಳಗಿಳಿಯುತ್ತದೆ. ಪ್ರತಿ ಅಲೆಗೂ ಮರಳಿನ ಕಣ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಕರಾವಳಿಗುಂಟ ಮರಳಿನ ಒಂದು ಹೊಳೆಯೇ ಸದಾ ಹರಿಯುತ್ತಿರುತ್ತದೆ. ಋತುವಿಗೆ ತಕ್ಕಂತೆ ಅದರ ದಿಕ್ಕೂ ಬದಲಾಗುವುದುಂಟು. ಅದಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ ಇಟ್ಟರೆ ಒಂದು ಬದಿಯಲ್ಲಿ ಮರಳು ನಿಲ್ಲುತ್ತದೆ, ಇನ್ನೊಂದು ಬದಿ ಹಸಿಯುತ್ತದೆ. ಕಾಲುವೆಯ ಮೇಲಿನ ಹೊಲದವನು ತೂಬು ಮುಚ್ಚಿದರೆ ಕೆಳಗಿನ ಹೊಲ ಒಣಗುವ ಹಾಗೆ. ಮದರಾಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದರಿನ ಗೋಡೆಗಳು ಎದ್ದಾಗ ಇದೇ ಆಯಿತು. ಅಲ್ಲಿ ಮರಳು ಉತ್ತರಾಭಿಮುಖವಾಗಿ ಸಾಗುತ್ತದೆ. ಬಂದರಿನ ದಕ್ಷಿಣಕ್ಕೆ ಮರಳು ಕೂಡಿ ಜನ ಮೆಚ್ಚುವ ಮರೀನಾ ದಂಡೆ ವಿಶಾಲವಾಯಿತು, ಉತ್ತರದ ರಾಯಪುರಂ ಕೊರೆದುಹೋಯಿತು. ಮರೀನಾದಲ್ಲಿ ಸಂಜೆಯ ಗಾಳಿ ಸೇವಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಮರಳು ಯಾರ ಪಾಲಿನದೆಂದು ಕೇಳಿದವರು ಕಡಿಮೆ. ಪುದುಚೇರಿಯಲ್ಲಿ ೧೯೮೯ರಲ್ಲಿ ಬಂದರಿನ ಅಲೆತಡೆ ಮುಗಿದ ಮೇಲೆ ಪಟ್ಟಣದ ಮುಂದಿನ ಮರಳು ದಂಡೆ ಕ್ರಮೇಣ ಪೂರ್ತಿ ಮಾಯವಾಯಿತು.

ಅಳಿವೆಯ ಗೋಡೆಯೊಂದನ್ನೇ ದೂಷಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕಡಲ ಮರಳಿನ ಬಹುಪಾಲು ನದಿಗಳು ಘಟ್ಟದಿಂದ ತಂದದ್ದು. ಬಂಡೆ ಶಿಥಿಲವಾಗಿ, ಮಳೆಗೆ ಕೊಚ್ಚಿ, ಹೊಳೆಯಲ್ಲಿ ಉರುಳಿ ಬಂದ ಆ ಕಾಣಿಕೆಯಿಂದಲೇ ದಂಡೆ ಪ್ರತಿ ವರ್ಷದ ನಷ್ಟವನ್ನು ತುಂಬಿಕೊಳ್ಳುತ್ತಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ೧೯೬೪ರಲ್ಲಿ ಅಣೆಕಟ್ಟು ಆಯಿತು. ಆ ಮೇಲೆ ಕಾಳಿ ನದಿಗೆ ಸೂಪಾದಲ್ಲಿ ಆಯಿತು. ಅಣೆಕಟ್ಟು ನೀರನ್ನು ಬಿಡುತ್ತದೆ, ಉರುಳಿಬರುವ ದಪ್ಪ ಮರಳನ್ನು ಬಿಡುವುದಿಲ್ಲ. ಅದು ಜಲಾಶಯದ ತಳದಲ್ಲಿ ಕೂರುತ್ತದೆ. ನೇತ್ರಾವತಿಯಂಥ ಹೊಳೆಗಳಲ್ಲಿಯಾದರೋ ಅಳಿವೆಯ ಸಮೀಪದಿಂದಲೇ ಮರಳನ್ನು ಲಾರಿಗಳಲ್ಲಿ ಸಾಗಿಸಲಾಗುತ್ತದೆ. ನಿಯಮಗಳಿವೆ, ನಿಯಮ ಮೀರುವವರೂ ಇದ್ದಾರೆ. ನಾಡಿನ ಮೂಲೆ ಮೂಲೆಯ ಮನೆಗಳಲ್ಲಿ ಐವತ್ತು ಅರುವತ್ತು ವರ್ಷಗಳಿಂದ ಉರಿಯುತ್ತಿರುವ ದೀಪದಲ್ಲಿ ಶರಾವತಿಯ ಪಾಲಿದೆ. ನಮ್ಮ ಪೂಜಾಗೃಹದ ಬಲ್ಬೂ ಅದರದೇ. ಅದು ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ, ಹೇಳಬೇಕೆಂದೂ ಇಲ್ಲ. ಆದರೆ ದಂಡೆಯವರ ಮರಳಿನ ಲೆಕ್ಕದಲ್ಲಿ ನಮ್ಮ ಹೆಸರೂ ಇದೆ ಎಂಬುದನ್ನು ತಿಳಿದಿದ್ದರೆ, ಪತ್ರಿಕೆಯ ಚಿತ್ರ ನೋಡಿದಾಗ ಬಾಯಿಗೆ ಬರುವ ಮಾತು ಬೇರೆಯಾದೀತು.

ಇದರ ಮೇಲೆ ಕಡಲೇ ಏರುತ್ತಿದೆ. ೧೯೦೧ರಿಂದ ೨೦೧೮ರವರೆಗೆ ಜಗತ್ತಿನ ಸಮುದ್ರಗಳ ಮಟ್ಟ ಸರಾಸರಿ ೨೦ ಸೆಂಟಿಮೀಟರಿನಷ್ಟು ಮೇಲೆ ಬಂದಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಗೇಣು. ಇಳಿಜಾರು ಕಡಿಮೆಯಿರುವ ಮರಳು ದಂಡೆಯಲ್ಲಿ ಒಂದು ಗೇಣು ಎತ್ತರವೆಂದರೆ ಅಡ್ಡಕ್ಕೆ ಅನೇಕ ಮಾರು ನೆಲ. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡಕ್ಕೆ ಬರದೆ ದೂರದಲ್ಲಿಯೇ ಉತ್ತರಕ್ಕೆ ಹಾದುಹೋದರೂ ಅದರ ಅಲೆಗಳು ನಮ್ಮ ಕರಾವಳಿಯ ಮನೆ, ರಸ್ತೆಗಳನ್ನು ಕೆಡವಿದವು. ಕೇಂದ್ರ ಸರ್ಕಾರದ ರಾಷ್ಟ್ರೀಯ ಕರಾವಳಿ ಸಂಶೋಧನ ಕೇಂದ್ರವು ೧೯೯೦ರಿಂದ ೨೦೧೮ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಸವೆಯುತ್ತಿದೆ, ನಾಲ್ಕನೆಯ ಒಂದು ಭಾಗಕ್ಕೂ ತುಸು ಹೆಚ್ಚು ಬೆಳೆಯುತ್ತಿದೆ. ಕರ್ನಾಟಕದಲ್ಲಿ ಸವೆಯುತ್ತಿರುವುದು ನಾಲ್ಕನೆಯ ಒಂದು ಭಾಗದ ಹತ್ತಿರ ಹತ್ತಿರ. ಇತರರಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಮನೆ ಇರುವುದು ಆ ನಾಲ್ಕನೆಯ ಭಾಗದಲ್ಲಾದರೆ ಸರಾಸರಿಯನ್ನು ಕಟ್ಟಿಕೊಂಡು ಮಾಡುವುದೇನು?

ಸವೆತಕ್ಕೆ ನಾವು ಸಾಮಾನ್ಯವಾಗಿ ಕಂಡುಕೊಂಡ ಪರಿಹಾರ ಬಂಡೆಗಲ್ಲು. ಮಳೆಗಾಲ ಹತ್ತಿರ ಬಂದಂತೆ ಜನ ಕೂಗುತ್ತಾರೆ, ಲಾರಿಗಳು ಬರುತ್ತವೆ, ಕಲ್ಲು ಸುರಿಯುತ್ತಾರೆ. ಆ ವರ್ಷದ ಮಟ್ಟಿಗೆ ಹಿಂದಿನ ಮನೆ ಉಳಿಯುತ್ತದೆ. ಅದನ್ನು ಅಲ್ಲಗಳೆಯಲಾಗದು, ನಾಳೆ ಬೀಳುವ ಮನೆಯವನಿಗೆ ನಾಳಿನದೇ ಚಿಂತೆ. ಆದರೆ ಮರಳು ದಂಡೆ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಕಲ್ಲಿನ ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಿರುಗಿದ ಅಲೆ ಗೋಡೆಯ ಬುಡದ ಮರಳನ್ನೇ ತೋಡಿ ಒಯ್ಯುತ್ತದೆ. ಬುಡ ಸಡಿಲವಾಗಿ ಕಲ್ಲುಗಳು ಒಂದೊಂದಾಗಿ ಹೂತುಹೋಗುತ್ತವೆ. ಎರಡು ವರ್ಷ ಬಿಟ್ಟು ಮತ್ತೆ ಕಲ್ಲು ಬೇಕು. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದವನ ಮನೆಯನ್ನು ಹಿಡಿಯುತ್ತದೆ. ಆಗ ಪಕ್ಕದವನು ಕೂಗುತ್ತಾನೆ, ಗೋಡೆ ಇನ್ನಷ್ಟು ಉದ್ದವಾಗುತ್ತದೆ. ಉಳ್ಳಾಲದ ದಕ್ಷಿಣಕ್ಕೆ ಸೋಮೇಶ್ವರ ದೇವಾಲಯ ಬಂಡೆಗಳ ಮೇಲೆ, ಕಡಲನ್ನು ಎದುರಿಸಿ ನಿಂತಿದೆ. ಅದರ ಮುಂದಿನ ಬಂಡೆಗಳನ್ನು ಜನ ರುದ್ರಪಾದೆಯೆಂದು ಭಕ್ತಿಯಿಂದ ಕಾಣುತ್ತಾರೆ. ಅಂಥ ಬಂಡೆ ನೆಲದ ಆಳದಿಂದ ಎದ್ದು ಬಂದದ್ದು. ಲಾರಿಯಿಂದ ಸುರಿದ ಕಲ್ಲಿಗೆ ಆ ಬೇರು ಇರುವುದಿಲ್ಲ.

ಮರವಂತೆಯಲ್ಲಿ ಈ ಸಂಗತಿ ಇನ್ನೂ ತೀವ್ರವಾಗಿದೆ. ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ. ಕೊಲ್ಲೂರಿಗೆ ಹೋಗುವವರು ವಾಹನ ನಿಲ್ಲಿಸಿ ನೋಡಿ ಸಂತೋಷಪಡುವ ಜಾಗ. ಅಲ್ಲಿ ದಂಡೆ ಹಿಂದೆ ಸರಿಯಲು ನೆಲವೇ ಇಲ್ಲ.

ಬೇರೆ ದಾರಿಗಳನ್ನೂ ಹುಡುಕಲಾಗಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕು ೨೦೧೦ರಲ್ಲಿ ಒಪ್ಪಿದ ಸಾಲದ ನೆರವಿನಿಂದ ಉಳ್ಳಾಲದಲ್ಲಿ ಕಡಲಿನೊಳಗೆ, ನೀರಿನಡಿಯಲ್ಲಿ ಕೃತಕ ದಿಣ್ಣೆಗಳನ್ನೂ ದಡದ ಬಳಿ ಗಿಡ್ಡ ಒಡ್ಡುಗಳನ್ನೂ ನಿರ್ಮಿಸಿ, ಅಳಿವೆಯ ಅಲೆತಡೆಗಳನ್ನು ಸರಿಪಡಿಸಲಾಯಿತು. ಇದರ ತತ್ತ್ವ ಸರಿಯಾದುದು. ಆಷಾಢದಲ್ಲಿ ಕಡಲು ತಾನೇ ಕಟ್ಟಿಕೊಳ್ಳುವ ಮರಳಿನ ದಿಣ್ಣೆಯ ಅನುಕರಣೆ ಅದು. ಅಲೆ ದೂರದಲ್ಲಿಯೇ ಮುರಿದು ಸುಸ್ತಾಗಿ ದಡಕ್ಕೆ ಬರಲಿ ಎಂಬ ಯುಕ್ತಿ. ಪುದುಚೇರಿಯಲ್ಲಿ ಇಂಥದೇ ದಿಣ್ಣೆಯನ್ನು ಕಟ್ಟಿ, ಮರಳನ್ನೂ ಹಾಕಿದ ಮೇಲೆ ಪಟ್ಟಣದ ಮುಂದೆ ದಂಡೆಯ ಒಂದು ಭಾಗ ಹಿಂದಿರುಗಿದೆ. ಉಳ್ಳಾಲದಲ್ಲಿ ಕೆಲಸವಾದ ಭಾಗದಿಂದ ದಕ್ಷಿಣಕ್ಕೆ, ಸೋಮೇಶ್ವರ ಉಚ್ಚಿಲದ ಕಡೆಯಿಂದ ಈಗಲೂ ಆಷಾಢದಲ್ಲಿ ಅದೇ ಚಿತ್ರ ಬರುತ್ತಿದೆ.

ಕಾನೂನೂ ಉಂಟು. ಕರಾವಳಿಯ ನಿಯಂತ್ರಣ ವಲಯದ ಅಧಿಸೂಚನೆ ೧೯೯೧ರಲ್ಲಿ ಮೊದಲು ಹೊರಬಂದಿತು. ೨೦೧೧ರಲ್ಲಿ, ೨೦೧೯ರಲ್ಲಿ ಹೊಸದಾ‌ಯಿತು. ಭರತದ ಗೆರೆಯಿಂದ ಇಷ್ಟು ದೂರದೊಳಗೆ ಇಂಥದು ಕೂಡದು ಎಂಬುದು ಅದರ ಸಾರ. ಹೊಸ ಕಟ್ಟಡಗಳಿಗೆ ಇದು ಸರಿ. ಗೆರೆಯೇ ಸರಿದು ಮನೆಯ ಹಿತ್ತಲಿಗೆ ಬಂದಾಗ ಹಳೆಯ ಮನೆಯವನು ಏನು ಮಾಡಬೇಕು? ಭೂಮಿ ಬಿರಿದರೆ, ಹೊಳೆ ಉಕ್ಕಿದರೆ ನೀರಿಳಿದ ಮೇಲೆ ನೆಲವಾದರೂ ಉಳಿದಿರುತ್ತದೆ. ಇಲ್ಲಿ ಕೈಯಲ್ಲಿ ಹಕ್ಕುಪತ್ರವಿರುತ್ತದೆ, ಪತ್ರದಲ್ಲಿ ಹೇಳಿದ ನೆಲ ನೀರಿನೊಳಗಿರುತ್ತದೆ. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಅವಧಿಗೆ, ನದಿ ಮತ್ತು ಕಡಲಿನ ಕೊರೆತವನ್ನು ತಡೆಯುವುದಕ್ಕೆ ೧,೫೦೦ ಕೋಟಿ ರೂಪಾಯಿಗಳನ್ನೂ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ ೧,೦೦೦ ಕೋಟಿ ರೂಪಾಯಿಗಳನ್ನೂ ದೇಶಕ್ಕೆಲ್ಲ ಸೇರಿಸಿ ತೆಗೆದಿರಿಸಬೇಕೆಂದು ಶಿಫಾರಸು ಮಾಡಿತು. ಕೊರೆತವನ್ನು ಒಂದು ವಿಪತ್ತೆಂದು ಈ ಬಗೆಯಲ್ಲಿ ಗಣನೆಗೆ ತಂದುಕೊಂಡದ್ದೇ ಒಂದು ಹೆಜ್ಜೆ.

ಉಳ್ಳಾಲದಲ್ಲಿ ಕಂಡ ಆ ಹಿರಿಯರನ್ನು ನಾವು ಇದನ್ನೇ ಕೇಳಿದೆವು: ಒಳನಾಡಿನಲ್ಲಿ ನಿವೇಶನ ಕೊಟ್ಟರೆ ಹೋಗುವಿರಾ? ಅವರು ಬಲೆಯ ಗಂಟನ್ನು ಬಿಗಿದು, ಹಲ್ಲಿನಿಂದ ನೂಲು ಕಡಿದು ಹೇಳಿದರು: "ಹೆಂಗಸರು ಮಕ್ಕಳು ಹೋದಾರು ಸ್ವಾಮಿ. ಮಳೆಗಾಲದ ರಾತ್ರಿ ಅವರಿಗೆ ನಿದ್ದೆ ಇಲ್ಲ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಕಡಲು ಹೇಗಿದೆ ಅಂತ ಎದ್ದು ನೋಡಬೇಕಲ್ಲ, ಅದನ್ನು ಮೂರು ಮೈಲಿ ಆಚೆಯಿಂದ ನೋಡುವುದು ಹೇಗೆ? ದೋಣಿಯನ್ನು ಇಲ್ಲಿ ಬಿಟ್ಟು ಹೋದರೆ ಒಂದೇ ರಾತ್ರಿ ಸಾಕು, ಈ ಕಲ್ಲಿಗೆ ಬಡಿದು ಹೋಳಾಗುತ್ತದೆ." ಅವರ ನಾಡದೋಣಿ ಬಂಡೆಗಳ ನಡುವೆ ಬಿಟ್ಟಿದ್ದ ಸಣ್ಣ ಸಂದಿನಲ್ಲಿ, ಎರಡೂ ಬದಿಗೆ ಹಳೆಯ ಟೈರುಗಳನ್ನು ಕಟ್ಟಿಕೊಂಡು ನಿಂತಿತ್ತು. ಸಂದು ದೋಣಿಗಿಂತ ಒಂದು ಮೊಳ ಅಗಲವಿದ್ದೀತು. ನೀರು ಏರಿದಾಗ ಕಡಲು ಮೊದಲು ಒಳಗೆ ಬರುವುದೂ ಆ ಸಂದಿನಿಂದಲೇ ಎಂದು ಅವರು ಹೇಳಿದರು. ಮುಚ್ಚಿಸಿರೆಂದು ಹಿಂದಿನ ಮನೆಯವರು ಅರ್ಜಿ ಕೊಟ್ಟಿದ್ದಾರಂತೆ.